ಎರಡು ಬಣ್ಣದ ಕಾರ್ ಕೆಲಸ: ಯಾವ ಮಾಸ್ಕಿಂಗ್ ಟೇಪ್ ತಗೊಳ್ಳಲಿ?

ಕಪ್ಪು_ರೂಫ್

ಎಲ್ಲರಿಗೂ ನಮಸ್ಕಾರ. ಬಿಳಿ ಕಾರಿನ ರೂಫ್‌ಗೆ ಕಪ್ಪು ಹೊಡೆಯುವ ಪ್ಲಾನ್ ಇದೆ. ಜೊತೆಗೆ ಬಾನೆಟ್ ಮೇಲೆ ಎರಡು ಕಪ್ಪು ಪಟ್ಟಿ ಬರಬೇಕು. ಪಟ್ಟಿಗಳು ಗ್ರಿಲ್ ಹತ್ತಿರ ಬರುತ್ತಾ ಸ್ವಲ್ಪ ಬಾಗಿ ಸಣ್ಣದಾಗಬೇಕು. ಬೇಸ್ ಕೋಟ್ ಅಂದರೆ ಬಣ್ಣದ ಪದರ, ಅದರ ಮೇಲೆ ಟು-ಕೆ ಕ್ಲಿಯರ್, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಪಾರದರ್ಶಕ ಪದರ. ಪೇಂಟ್ ಹೊಡೆಯುವ ಮುಚ್ಚಿದ ಕೋಣೆ (ಬೂತ್) ಸಿಗುತ್ತದೆ, 60 ಡಿಗ್ರಿಯಲ್ಲಿ ಬೇಕ್ ಮಾಡಬಹುದು, ಅಂದರೆ ಬಿಸಿ ಕೊಟ್ಟು ಒಣಗಿಸಬಹುದು.

ಮೊದಲು ಒಂದು ಹಳೇ ಡೋರ್ ಮೇಲೆ ಸಾದಾ ಹಳದಿ ಟೇಪ್ ಹಾಕಿ ಪಟ್ಟಿ ಹೊಡೆದು ನೋಡಿದೆ. ಗೆರೆ ಗರಗಸದ ಹಲ್ಲಿನ ಹಾಗೆ ಬಂತು. ಕೆಲವು ಕಡೆ ಅಂಟು ಡೋರ್ ಮೇಲೇ ಉಳಿದುಕೊಂಡಿತು. ಈಗ ಒಳ್ಳೆ ಟೇಪ್ ಹುಡುಕೋಣ ಅಂದರೆ ಹಳದಿ, ಹಸಿರು, ನೀಲಿ, ಕಿತ್ತಳೆ ಅಂತ ಎಲ್ಲಾ ಬಣ್ಣದಲ್ಲೂ ಇವೆ. ಯಾವುದನ್ನು ನೋಡಿ ಆರಿಸಬೇಕು?

ಹಳೇ_ಗನ್

ಟೇಪಿನ ಬಣ್ಣ ನೋಡಿ ಆರಿಸಬೇಡಿ ಸರ್. ಒಂದು ಕಂಪನಿಯ ಹಸಿರು ಕಾಗದದ ಟೇಪ್, ಇನ್ನೊಂದು ಕಂಪನಿಯ ಹಸಿರು ಪ್ಲಾಸ್ಟಿಕ್ ಟೇಪ್. ಬಣ್ಣ ಆಯಾ ಕಂಪನಿಯ ಗುರುತು ಅಷ್ಟೆ.

ನೀವು ನೋಡಬೇಕಾದ್ದು ಅಂಚು. ಟೇಪಿನ ಅಂಚು ನಿಂತ ಜಾಗದಲ್ಲಿ ಪೇಂಟ್ ಹೇಗೆ ಮುಗಿಯಬೇಕು? ನಿಮ್ಮ ಬಾನೆಟ್ ಪಟ್ಟಿಯ ಗೆರೆ ಕಾರ್ ಇರುವ ತನಕ ಕಣ್ಣಿಗೆ ಕಾಣುತ್ತದೆ. ಅಲ್ಲಿಗೆ ಚೂಪು ಗೆರೆಗೆ ಅಂತಲೇ ಮಾಡಿದ ಸಣ್ಣ ಪ್ಲಾಸ್ಟಿಕ್ ಟೇಪ್, ಅಂದರೆ ಫೈನ್ ಲೈನ್ ಟೇಪೇ ಬೇಕು, ಬೇರೆ ದಾರಿ ಇಲ್ಲ. ಗಾಜು, ಲೈಟು, ಹ್ಯಾಂಡಲ್ ಮುಚ್ಚುವಾಗ ಅಂಚು ರಬ್ಬರ್ ಪಕ್ಕದಲ್ಲೋ ಸಂದಿಯಲ್ಲೋ ಮುಗಿಯುತ್ತದೆ. ಅಲ್ಲಿಗೆ ಆಟೋಮೋಟಿವ್ ಗ್ರೇಡ್ ಕಾಗದದ ಟೇಪ್ ಸಾಕು. ಇನ್ನು ಡೋರ್ ಒಳಗಿನ ಅಂಚು, ಬ್ಲೆಂಡ್ ಮಾಡುವ, ಅಂದರೆ ಹೊಸ ಪೇಂಟನ್ನು ಹಳೆಯದರಲ್ಲಿ ಸೇರಿಸುವ ಜಾಗ. ಅಲ್ಲಿ ಗೆರೆಯೇ ಬೀಳಬಾರದು, ಪೇಂಟ್ ಮೆಲ್ಲಗೆ ಕರಗಿದ ಹಾಗೆ ಮುಗಿಯಬೇಕು. ಅಲ್ಲಿಗೆ ಸ್ಪಂಜಿನ ಹಾಗೆ ಮೆತ್ತಗಿರುವ ಫೋಮ್ ಟೇಪ್, ಇಲ್ಲದಿದ್ದರೆ ಮಡಚಿದ ಟೇಪ್.

ಒಂದೇ ರೋಲ್‌ನಲ್ಲಿ ಇಡೀ ಕಾರ್ ಮುಗಿಸುತ್ತೇನೆ ಅಂದರೆ ಎಲ್ಲೋ ಒಂದು ಕಡೆ ಕೆಡುತ್ತದೆ.

ಅಂಟಿನ_ವಿಷಯ

ಗರಗಸದ ಗೆರೆ ಯಾಕೆ ಬಂತು ಅಂತ ಹೇಳುತ್ತೇನೆ. ಸಾದಾ ಮಾಸ್ಕಿಂಗ್ ಟೇಪ್ ಅಂದರೆ ಕ್ರೇಪ್ ಕಾಗದ. ಎಳೆದಾಗ ಸ್ವಲ್ಪ ಹಿಗ್ಗಲಿ, ಉಬ್ಬುತಗ್ಗಿನ ಮೇಲೆ ಕೂರಲಿ ಅಂತ ಕಾಗದವನ್ನು ಬೇಕಂತಲೇ ನೆರಿಗೆ ಮಾಡಿರುತ್ತಾರೆ. ಟೇಪನ್ನು ಬೆಳಕಿಗೆ ಹಿಡಿದು ಅಂಚನ್ನು ಹತ್ತಿರದಿಂದ ನೋಡಿ, ನೆರಿಗೆ ಸಾಲುಸಾಲಾಗಿ ಕಾಣುತ್ತದೆ. ಪ್ರತಿ ನೆರಿಗೆಯ ಕೆಳಗೂ ಒಂದು ಸಣ್ಣ ಸುರಂಗ. ತೆಳು ಪೇಂಟ್ ಬಿದ್ದ ಕೂಡಲೇ ಆ ಸುರಂಗದೊಳಗೆ ಹೀರಿಕೊಂಡು ಹೋಗುತ್ತದೆ. ನೀವು ಅಂಚನ್ನು ಎಷ್ಟೇ ಒತ್ತಿ, ನೆರಿಗೆ ಪೂರ್ತಿ ಚಪ್ಪಟೆ ಆಗುವುದಿಲ್ಲ.

ಆಟೋಮೋಟಿವ್ ಗ್ರೇಡ್ ಕಾಗದದಲ್ಲಿ ನೆರಿಗೆ ಸಣ್ಣದಿರುತ್ತದೆ. ಥಿನ್ನರ್ ಒಳಗೆ ಇಳಿಯದ ಹಾಗೆ ಕಾಗದಕ್ಕೆ ಬೇರೆ ಮಸಾಲೆ ಕುಡಿಸಿರುತ್ತಾರೆ. ಅದಕ್ಕೇ ಗೆರೆ ಎಷ್ಟೋ ವಾಸಿ. ಫೈನ್ ಲೈನ್ ಟೇಪ್ ಕಾಗದವೇ ಅಲ್ಲ, ಪಾಲಿಪ್ರೊಪಿಲೀನ್ ಅಥವಾ ವಿನೈಲ್ ಹಾಳೆ. ನೆರಿಗೆ ಇಲ್ಲ, ಸುರಂಗ ಇಲ್ಲ.

ಅಂಟು ಉಳಿದದ್ದಕ್ಕೆ ಕಾರಣ ಶಾಖ. ಇಂಥ ಟೇಪುಗಳಲ್ಲಿ ಹೆಚ್ಚಾಗಿ ರಬ್ಬರ್ ಅಂಟು ಇರುತ್ತದೆ. ಅದು ಮಿತಿ ದಾಟಿ ಬಿಸಿಯಾದರೆ ಮೆತ್ತಗಾಗುತ್ತದೆ. ಆಗ ಕಿತ್ತರೆ ಅಂಟಿನ ಪದರವೇ ಎರಡು ಭಾಗ ಆಗಿ ಅರ್ಧ ಕಾಗದದ ಜೊತೆ ಬರುತ್ತದೆ, ಅರ್ಧ ಲೋಹದ ಮೇಲೆ ನಿಲ್ಲುತ್ತದೆ. ಬಿಸಿಲೂ ಇದೇ ಕೆಲಸ ಮಾಡುತ್ತದೆ. ಜೋರು ಬಿಸಿಲಿನಲ್ಲಿ ನಿಂತ ಕಪ್ಪು ಲೋಹ 70 ಡಿಗ್ರಿ ದಾಟಬಹುದು.

ಮೊದಲ_ಕೋಟ್

ಹಾಗಾದರೆ ಲೇಬಲ್ ಮೇಲೆ ಎಷ್ಟು ಡಿಗ್ರಿ ಇರಬೇಕು ಅಣ್ಣಾ? 60ರಲ್ಲಿ ಬೇಕ್ ಮಾಡುವವರು 60 ಅಂತ ಬರೆದದ್ದು ತಗೊಂಡರೆ ಸರಿಯಾಗುತ್ತಾ?

ಅಂಟಿನ_ವಿಷಯ

ಬೇಡ. 60 ಅಂತ ಹೇಳುವುದು ಲೋಹದ ಶಾಖ. ಲೋಹ ಅಷ್ಟು ಬಿಸಿಯಾಗಬೇಕಾದರೆ ಬೂತಿನ ಗಾಳಿ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಇನ್‌ಫ್ರಾರೆಡ್ ಲ್ಯಾಂಪ್ ಹತ್ತಿರ ಇಟ್ಟರಂತೂ ಕೇಳುವುದೇ ಬೇಡ. ಕನಿಷ್ಠ 80 ಅಂತ ಇರಲಿ, 100 ಇದ್ದರೆ ನೆಮ್ಮದಿ.

ಇನ್ನೊಂದು ವಿಷಯ. ಡಿಗ್ರಿ ಪಕ್ಕದಲ್ಲಿ ನಿಮಿಷವನ್ನೂ ನೋಡಿ. 30 ನಿಮಿಷಕ್ಕೆ ಅಂತ ಬರೆದಿದ್ದರೆ ಎರಡು ಸಲ ಬೇಕ್ ಮಾಡುವ ಕೆಲಸಕ್ಕೆ ಅದೇ ಟೇಪ್ ಬಿಡಬಾರದು. ಮಧ್ಯದಲ್ಲಿ ಕಿತ್ತು ಹೊಸದು ಹಾಕಬೇಕು.

ಸ್ಪ್ಯಾನರ್_24

ಇಷ್ಟೆಲ್ಲಾ ಯಾಕೆ? ಪೌಡರ್ ಕೋಟಿಂಗ್‌ನವರು, ಅಂದರೆ ಲೋಹದ ಮೇಲೆ ಬಣ್ಣದ ಪುಡಿ ಹಾಕಿ ಓವನ್‌ನಲ್ಲಿ ಕರಗಿಸುವವರು, ಬಳಸುವ ಹಸಿರು ಪಾಲಿಯೆಸ್ಟರ್ ಟೇಪ್ ಇದೆಯಲ್ಲ. 200 ಡಿಗ್ರಿ ತಡೆಯುತ್ತದೆ, ಅಂಚೂ ನೀಟಾಗಿದೆ. ಅದನ್ನೇ ಹಾಕಿದರೆ ಆಯಿತು.

ಹಳೇ_ಗನ್

ದಯವಿಟ್ಟು ಬೇಡ. ಆ ಟೇಪಿನಲ್ಲಿರುವುದು ಸಾಮಾನ್ಯವಾಗಿ ಸಿಲಿಕೋನ್ ಅಂಟು. ಪೌಡರ್ ಕೋಟಿಂಗ್‌ಗೆ ಅದು ಸರಿ, ಆ ಶಾಖಕ್ಕೆ ಬೇರೆ ಅಂಟು ನಿಲ್ಲುವುದಿಲ್ಲ. ಆದರೆ ಕಾರ್ ಪೇಂಟ್‌ಗೆ ಸಿಲಿಕೋನ್ ಅಂದರೆ ಶತ್ರು. ಒಂದಿಷ್ಟು ಪ್ಯಾನೆಲ್ ಮೇಲೆ ಉಳಿದರೂ ಮುಂದಿನ ಕೋಟ್ ಅಲ್ಲಿ ನಿಲ್ಲದೆ ಸರಿದುಕೊಳ್ಳುತ್ತದೆ. ಮೀನಿನ ಕಣ್ಣು ಅಂತೀವಲ್ಲ, ಆ ದುಂಡು ಗುಳಿಗಳು ಏಳುತ್ತವೆ. ಒಮ್ಮೆ ಎದ್ದರೆ ಉಜ್ಜಿ ತೆಗೆದು ಮತ್ತೆ ಮೊದಲಿಂದ ಹೊಡೆಯಬೇಕು. ನಮ್ಮ ಕೆಲಸದಲ್ಲಿ 200 ಡಿಗ್ರಿ ಬರುವುದೇ ಇಲ್ಲ. ಬೇಡದ ಶಕ್ತಿಗೆ ಆಸೆ ಪಟ್ಟು ಬೂತ್ ಒಳಗೆ ಸಿಲಿಕೋನ್ ತರಬಾರದು.

ಪಟ್ಟಿ_ಕೆಲಸ

ನಾನು ಬೈಕ್ ಟ್ಯಾಂಕ್‌ಗಳಿಗೆ ಪಟ್ಟಿ ಎಳೆಯುವ ಕೆಲಸವನ್ನೇ ಹೆಚ್ಚು ಮಾಡುವುದು. ಫೈನ್ ಲೈನ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಒಳ್ಳೆ ಟೇಪ್ ತಂದು ತಪ್ಪಾಗಿ ಹಾಕುವವರೇ ಜಾಸ್ತಿ.

ಮೊದಲು ಎರಡು ಜಾತಿಯ ವ್ಯತ್ಯಾಸ. ಪಾಲಿಪ್ರೊಪಿಲೀನ್ ಗಟ್ಟಿ ಇರುತ್ತದೆ, ಜಾಸ್ತಿ ಹಿಗ್ಗುವುದಿಲ್ಲ. ಉದ್ದದ ನೇರ ಗೆರೆಗೆ ಅದೇ ಚೆಂದ, ಎಳೆದು ಹಿಡಿದರೆ ತಾನೇ ನೇರ ನಿಲ್ಲುತ್ತದೆ. ವಿನೈಲ್ ಮೆತ್ತಗೆ, ಬಾಗಿಸಿದ ಕಡೆ ಬಾಗುತ್ತದೆ. ಬಳುಕುವ ಗೆರೆಗೆ ಅದು. ಆದರೆ ವಿನೈಲ್ ಟೇಪುಗಳಲ್ಲಿ ಕೆಲವಕ್ಕೆ ಶಾಖದ ಮಿತಿ ಕಡಿಮೆ, ಲೇಬಲ್ ಓದಿಯೇ ತಗೊಳ್ಳಿ.

ಅಗಲ ಅಂದರೆ ಬಾಗು ಎಷ್ಟು ಬಿಗಿಯೋ ಟೇಪ್ ಅಷ್ಟು ಸಣ್ಣ. ಬಿಗಿ ತಿರುವಿಗೆ 3 ಮಿಲಿಮೀಟರ್, ನಿಮ್ಮ ಬಾನೆಟ್ ತರದ ನಿಧಾನದ ಬಾಗಿಗೆ 6. ನೇರ ಗೆರೆಗೆ 12 ಇದ್ದರೂ ನಡೆಯುತ್ತದೆ. ಅಗಲದ ಟೇಪನ್ನು ಬಾಗಿಸಿದರೆ ಒಳಗಿನ ಅಂಚು ಸುಕ್ಕು ಬೀಳುತ್ತದೆ. ಸುಕ್ಕಿದ್ದ ಕಡೆ ಪೇಂಟ್ ಒಳಗೆ ಹೋಗುವುದು ಗ್ಯಾರಂಟಿ.

ಹಾಕುವ ರೀತಿ. ಒಂದು ತುದಿ ಅಂಟಿಸಿ ರೋಲ್ ಇರುವ ಕೈಯನ್ನು ದೂರ ಒಯ್ಯಿರಿ. ಟೇಪ್ ಗಾಳಿಯಲ್ಲೇ ಇರಲಿ, ಪ್ಯಾನೆಲ್‌ನಿಂದ ಒಂದು ಬೆರಳಿನಷ್ಟು ಮೇಲೆ. ಕಣ್ಣು ಬೆರಳಿನ ಮೇಲೆ ಇಡಬೇಡಿ, ಗೆರೆ ಹೋಗಿ ಮುಟ್ಟುವ ತುದಿಯ ಮೇಲೆ ಇಡಿ. ಇನ್ನೊಂದು ಕೈಯ ತೋರುಬೆರಳು ಹಿಂದಿನಿಂದ ಟೇಪನ್ನು ಹಗುರಾಗಿ ಕೂರಿಸುತ್ತಾ ಬರಲಿ. ಸರಿಯಾಗಿಲ್ಲ ಅನ್ನಿಸಿದರೆ ಒತ್ತುವ ಮೊದಲೇ ಎತ್ತಿ ಮತ್ತೆ ಹಾಕಿ. ಬಾಗಿನಲ್ಲಿ ರೋಲ್ ಇರುವ ಕೈಯನ್ನೇ ತಿರುಗಿಸಬೇಕು, ಬೆರಳಿನಿಂದ ಟೇಪನ್ನು ತಳ್ಳಬಾರದು. ಪೂರ್ತಿ ಗೆರೆ ನೋಡಿ ಸಮಾಧಾನ ಆದ ಮೇಲೆ ಮಾತ್ರ ಅಂಚನ್ನು ಬೆರಳ ತುದಿಯಿಂದ ಗಟ್ಟಿಯಾಗಿ ಒತ್ತಿ.

ಜಾಸ್ತಿ ಎಳೆದು ಅಂಟಿಸಬಾರದು. ಎಳೆದ ಟೇಪ್ ತನ್ನ ಅಳತೆಗೆ ವಾಪಸ್ ಬರಲು ನೋಡುತ್ತದೆ. ಬೂತಿನ ಬಿಸಿಗೆ ಅದು ಇನ್ನೂ ಬೇಗ. ಬಾಗಿನಲ್ಲಿ ಅಂಚು ಎದ್ದಿದೆ ಅಂದರೆ ಮುಕ್ಕಾಲು ಪಾಲು ಕಾರಣ ಇದೇ.

ಎರಡು ಟೇಪ್ ಒಂದರ ಮೇಲೊಂದು ಬರುವ ಜಾಗವನ್ನು ಮರೆಯಬೇಡಿ. ಮೇಲಿನ ಟೇಪ್ ಕೆಳಗಿನದರ ದಪ್ಪ ಇಳಿಯುವ ಕಡೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಅಲ್ಲಿ ಉಗುರಿನಿಂದ ಒತ್ತಿ. ನೋಡಿದರೆ ಏನೂ ಕಾಣುವುದಿಲ್ಲ, ಟೇಪ್ ಕಿತ್ತ ಮೇಲೆ ಅಲ್ಲೇ ಒಂದು ಮುಳ್ಳಿನ ಹಾಗೆ ಪೇಂಟ್ ಚಾಚಿರುತ್ತದೆ.

ಕಪ್ಪು_ರೂಫ್

ತುಂಬಾ ಉಪಯೋಗ ಆಯಿತು ಸರ್. ಪಟ್ಟಿಗೆ 6 ಮಿಲಿಮೀಟರ್ ವಿನೈಲ್ ತಗೊಳ್ಳುತ್ತೇನೆ. ಫೈನ್ ಲೈನ್ ಇಷ್ಟು ಸಣ್ಣ ಇದ್ದರೆ ಉಳಿದ ಬಾನೆಟ್ ಹೇಗೆ ಮುಚ್ಚುವುದು? ಪಟ್ಟಿಯ ಟೇಪ್ ಕ್ಲಿಯರ್ ಆದ ಮೇಲೆ ಕೀಳಬೇಕಾ, ಮೊದಲೇ ಕೀಳಬೇಕಾ?

ಪಟ್ಟಿ_ಕೆಲಸ

ಫೈನ್ ಲೈನ್ ಗೆರೆ ಕಾಯುವುದಕ್ಕೆ ಮಾತ್ರ. ಅದರ ಮೇಲೆ ಅರ್ಧ ಅಗಲ ಕೂರುವ ಹಾಗೆ ಕಾಗದದ ಟೇಪ್ ಹಾಕಿ, ಅದಕ್ಕೆ ಮಾಸ್ಕಿಂಗ್ ಪೇಪರ್ ಸೇರಿಸಿ. ಕಾಗದದ ಟೇಪ್ ಗೆರೆಯ ಅಂಚಿನ ತನಕ ಬರಬಾರದು, ಎರಡು ಮೂರು ಮಿಲಿಮೀಟರ್ ಹಿಂದೆ ನಿಲ್ಲಲಿ.

ಪಟ್ಟಿಯ ಟೇಪನ್ನು ಕ್ಲಿಯರ್‌ಗೆ ಮೊದಲೇ ಕೀಳಿ. ಕಪ್ಪು ಬೇಸ್ ಒಣಗಿ ಮುಟ್ಟಿದರೆ ಅಂಟದ ಹಾಗಾದಾಗ ಟೇಪ್ ತೆಗೆದು, ಆಮೇಲೆ ಇಡೀ ಬಾನೆಟ್‌ಗೆ ಕ್ಲಿಯರ್ ಹೊಡೆಯಿರಿ. ಗೆರೆ ಕ್ಲಿಯರ್ ಕೆಳಗೆ ಹೂತುಹೋಗುತ್ತದೆ. ಕ್ಲಿಯರ್ ಕೂತ ಮೇಲೆ ಉಜ್ಜಿ ಪಾಲಿಶ್ ಮಾಡಿದರೆ ಬೆರಳಾಡಿಸಿದರೂ ಮೆಟ್ಟಿಲು ಸಿಗುವುದಿಲ್ಲ. ಇದಕ್ಕೆ ಬಾನೆಟ್ಟಿನ ಹಳೇ ಕ್ಲಿಯರನ್ನು ಮೊದಲೇ ಪೂರ್ತಿ ಉಜ್ಜಿ ಮ್ಯಾಟ್ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಹೊಸ ಕ್ಲಿಯರ್ ಹಿಡಿಯುವುದಿಲ್ಲ.

ಕಪ್ಪು ಹೊಡೆಯುವ ಮೊದಲು ಟೇಪಿನ ಅಂಚಿನ ಮೇಲೆ ಹಗುರಾಗಿ ಒಂದು ಕೋಟ್ ಕಾರಿನ ಬಿಳಿ ಬೇಸನ್ನೇ ಎಳೆಯಿರಿ. ಅಂಚಿನ ಕೆಳಗೆ ಏನಾದರೂ ನುಗ್ಗುವುದಿದ್ದರೆ ಬಿಳಿಯೇ ನುಗ್ಗಿ ದಾರಿ ಮುಚ್ಚುತ್ತದೆ. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಆಮೇಲೆ ಬರುವ ಕಪ್ಪಿಗೆ ಜಾಗವೇ ಇರುವುದಿಲ್ಲ.

ಹಳೇ_ಗನ್

ಮೇಲಿನ ಮಾತಿಗೆ ನನ್ನ ಓಟು. ಜೊತೆಗೆ ಸ್ಪ್ರೇ ಗನ್ನಿನ ದಿಕ್ಕು ನೋಡಿಕೊಳ್ಳಿ. ಟೇಪಿನ ಕಡೆಯಿಂದ ಪಟ್ಟಿಯ ಒಳಗಡೆಗೆ ಹೊಡೆಯಬೇಕು. ಎದುರಿನಿಂದ ಹೊಡೆದರೆ ಗಾಳಿಯ ಒತ್ತಡವೇ ಪೇಂಟನ್ನು ಅಂಚಿನ ಕೆಳಗೆ ತಳ್ಳುತ್ತದೆ. ಮೊದಲ ಕೋಟ್ ಒದ್ದೆ ಆಗಬಾರದು, ಮಂಜು ಹಾಕಿದಷ್ಟೇ ಇರಲಿ.

ರೂಫ್ ವಿಷಯ ಬೇರೆ. ಅಲ್ಲಿ ಕಪ್ಪೂ ಕ್ಲಿಯರೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಬಯಲಲ್ಲಿ ನಿಂತ ಕ್ಲಿಯರಿನ ಅಂಚು ಮುಂದೆ ಸಿಪ್ಪೆ ಏಳುವ ಜಾಗ. ಅದಕ್ಕೇ ಗೆರೆಯನ್ನು ರೂಫಿನ ಬೀಡಿಂಗ್ ಕೆಳಗೋ, ಡೋರ್ ಮೇಲಿನ ಮಡಿಕೆಯಲ್ಲೋ ಮುಗಿಸಿ. ಹಿಂದಿನ ಪಿಲ್ಲರ್‌ನಲ್ಲಿ ಅಂಥ ಜಾಗ ಇಲ್ಲದಿದ್ದರೆ ಅಲ್ಲೂ ಕಪ್ಪಿನ ಟೇಪ್ ತೆಗೆದು, ಕ್ಲಿಯರನ್ನು ಆ ಇಡೀ ಪ್ಯಾನೆಲ್‌ಗೇ ಎಳೆಯುವುದು ಒಳ್ಳೆಯದು. ಕೆಲಸ ಜಾಸ್ತಿ, ಆದರೆ ವರ್ಷಗಟ್ಟಲೆ ನಿಲ್ಲುತ್ತದೆ.

ಟೇಪ್ ಮೇಲೆ ಕ್ಲಿಯರ್ ಬರುವ ಕಡೆ ಕೀಳುವ ಹೊತ್ತು ಮುಖ್ಯ. ಬೇಕ್ ಆದ ಮೇಲೆ ಪ್ಯಾನೆಲ್ ಇನ್ನೂ ಬೆಚ್ಚಗಿರುವಾಗಲೇ ಕೀಳಿ. ಪೂರ್ತಿ ತಣ್ಣಗಾದರೆ ಕ್ಲಿಯರ್ ಗಟ್ಟಿಯಾಗಿ ಅಂಚಿನಲ್ಲಿ ಚಕ್ಕೆ ಹಾರಬಹುದು, ಟೇಪೂ ತುಂಡುತುಂಡಾಗಿ ಬರುತ್ತದೆ. ಟೇಪನ್ನು ಮೇಲಕ್ಕೆ ಎತ್ತಬೇಡಿ. ಅದರ ಮೈಮೇಲೇ ಹಿಂದಕ್ಕೆ ಮಡಚಿ, ಹೊಸ ಪೇಂಟಿನಿಂದ ಆಚೆಗೆ ವಾಲಿಸಿ, ನಿಧಾನ ಎಳೆಯಿರಿ.

ಮೊದಲ_ಕೋಟ್

ನನ್ನದು ಸಣ್ಣ ಕೆಲಸ, ಸ್ಪ್ರೇ ಕ್ಯಾನ್‌ನಲ್ಲಿ ಬಂಪರ್ ಮೂಲೆ ಮಾತ್ರ. ಗೋಡೆ ಪೇಂಟಿಂಗ್‌ನ ನೀಲಿ ಟೇಪ್ ಮನೆಯಲ್ಲಿದೆ. ಅದು ಒಳ್ಳೆಯ ಟೇಪ್ ಅಂತಾರಲ್ಲ, ಸಾಕಾಗಲ್ವಾ?

ಅಂಟಿನ_ವಿಷಯ

ಅದು ಗೋಡೆಗೆ ಒಳ್ಳೆಯ ಟೇಪ್. ದಿನಗಟ್ಟಲೆ ಬಿಟ್ಟರೂ ಗೋಡೆಯ ಪೇಂಟ್ ಕೀಳದೆ ಬರಲಿ ಅಂತ ಅದರ ಹಿಡಿತವನ್ನು ಕಡಿಮೆ ಇಟ್ಟಿರುತ್ತಾರೆ. ಕಾರ್ ಪೇಂಟಿನ ಥಿನ್ನರ್‌ಗೆ ಅದು ತಯಾರಾದದ್ದಲ್ಲ. ಸ್ಪ್ರೇ ಕ್ಯಾನ್ ಪೇಂಟ್ ಒದ್ದೆಯಾಗಿ ಬೀಳುತ್ತದೆ, ಅದರಲ್ಲಿ ದ್ರಾವಕವೂ ಜಾಸ್ತಿ. ಹಾಗಾಗಿ ಸಣ್ಣ ಕೆಲಸ ಅಂತ ಟೇಪಿನಲ್ಲಿ ಇಳಿಯಬೇಡಿ.

ಬಂಪರ್ ಮೂಲೆ ಅಂದರೆ ನಿಮಗೆ ಬೇಕಾದ್ದು ಗಡಸು ಗೆರೆಯೂ ಅಲ್ಲ. ಟೇಪಿನ ಒಂದು ಅಂಚನ್ನು ಅಂಟಿಸಿ, ಉಳಿದ ಅಗಲವನ್ನು ಹಿಂದಕ್ಕೆ ಸುರುಳಿಯ ಹಾಗೆ ಮಡಚಿ. ಪೇಂಟ್ ಬೀಳುವ ಕಡೆ ಚೂಪು ಅಂಚಿನ ಬದಲು ದುಂಡು ಮೈ ಇರುತ್ತದೆ. ಅದರ ಕೆಳಗೆ ಪೇಂಟ್ ಸ್ವಲ್ಪ ಸ್ವಲ್ಪವೇ ತೆಳುವಾಗಿ ಮುಗಿಯುತ್ತದೆ. ಆಮೇಲೆ ಕಾಂಪೌಂಡ್ ಹಾಕಿ ಉಜ್ಜಿದರೆ ಸೇರಿದ ಜಾಗ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಬಂಪರಿನ ಯಾವುದಾದರೂ ಮಡಿಕೆಯ ತನಕ ಹೋಗಿ ನಿಲ್ಲುವ ಅವಕಾಶ ಇದ್ದರೆ ಅದೇ ವಾಸಿ.

ಸ್ಪ್ಯಾನರ್_24

ಮುಚ್ಚುವುದಕ್ಕೆ ನ್ಯೂಸ್ ಪೇಪರ್ ಬೇಡ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎರಡು ಪದರ ಹಾಕಿದರೆ ಪ್ರೈಮರ್ ಆರಾಮಾಗಿ ತಡೆಯುತ್ತದೆ. ಎಷ್ಟೋ ಕಡೆ ಅದರಲ್ಲೇ ಕೆಲಸ ನಡೆಯುತ್ತಿದೆ.

ಹಳೇ_ಗನ್

ಪ್ರೈಮರ್‌ಗೆ, ಅದೂ ಅಂಚಿನಿಂದ ದೂರದ ಜಾಗಕ್ಕೆ ಸರಿ ಗುರು. ಅಷ್ಟು ಒಪ್ಪುತ್ತೇನೆ. ಕ್ಲಿಯರ್ ಹೊಡೆಯುವಾಗ ಬೇಡ. ಒದ್ದೆ ಕ್ಲಿಯರ್ ಅದರಲ್ಲಿ ಇಳಿಯುತ್ತದೆ, ಶಾಯಿ ಕರಗಿ ಕೆಳಗಿನ ಬಿಳಿ ಪೇಂಟಿಗೆ ಅಕ್ಷರವೇ ಅಚ್ಚಾಗಬಹುದು. ಗನ್ನಿನ ಗಾಳಿಗೆ ಅದರ ನಾರು, ಧೂಳು ಎದ್ದು ಕ್ಲಿಯರಿನಲ್ಲಿ ಕೂರುತ್ತದೆ. ಇವರದ್ದು ಬಿಳಿ ಕಾರಿನ ಮೇಲೆ ಕಪ್ಪು. ಒಂದು ಚುಕ್ಕೆ ಆದರೂ ಎದ್ದು ಕಾಣುತ್ತದೆ.

ದೊಡ್ಡ ಜಾಗಕ್ಕೆ ಮಾಸ್ಕಿಂಗ್ ಫಿಲ್ಮ್ ಬಳಸಿ. ಅದರಲ್ಲೂ ಪೇಂಟ್ ಹಿಡಿದಿಟ್ಟುಕೊಳ್ಳುವ ಹಾಗೆ ಮಾಡಿದ ಫಿಲ್ಮ್ ಇರಲಿ. ಸುಮ್ನೆ ಸಾದಾ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಅದರ ಮೇಲೆ ಒಣಗಿದ ಓವರ್‌ಸ್ಪ್ರೇ, ಅಂದರೆ ಆಚೀಚೆ ಹಾರಿ ಕೂತ ಪೇಂಟ್, ಚಕ್ಕೆಯಾಗಿ ಉದುರಿ ಒದ್ದೆ ಕ್ಲಿಯರ್ ಮೇಲೆ ಬೀಳುತ್ತದೆ.

ಕಪ್ಪು_ರೂಫ್

ಮುಂದಿನ ಗಾಜಿನ ರಬ್ಬರ್ ಪಕ್ಕ ಹೇಗೆ? ಅಲ್ಲಿ ಟೇಪ್ ನಿಲ್ಲುವುದೇ ಇಲ್ಲ, ಹಾಕಿದ ಸ್ವಲ್ಪ ಹೊತ್ತಿಗೆ ಎದ್ದುಬಿಡುತ್ತದೆ.

ಹಳೇ_ಗನ್

ರಬ್ಬರ್‌ಗೆ ಯಾರೋ ಹೊಳಪಿನ ಡ್ರೆಸಿಂಗ್ ಹಚ್ಚಿದ್ದಾರೆ ಅಂತ ಕಾಣುತ್ತದೆ. ಅಂಥವುಗಳಲ್ಲಿ ಸಿಲಿಕೋನ್ ಇರುವುದೇ ಹೆಚ್ಚು, ಟೇಪಿಗೂ ಆಗದು, ಪೇಂಟಿಗೂ ಆಗದು. ವ್ಯಾಕ್ಸ್ ರಿಮೂವರ್‌ನಿಂದ ಪ್ಯಾನೆಲ್ ಒರೆಸಿ, ರಬ್ಬರನ್ನು ಬೇರೆ ಬಟ್ಟೆಯಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಒಂದೇ ಬಟ್ಟೆಯಿಂದ ಎರಡನ್ನೂ ಒರೆಸಬೇಡಿ.

ರಬ್ಬರ್ ಲೋಹಕ್ಕೆ ಅಂಟಿಕೊಂಡು ಕೂತಿದ್ದರೆ ಟ್ರಿಮ್ ಟೇಪ್ ಸಿಗುತ್ತದೆ. ಅದರ ಒಂದು ಅಂಚಿನಲ್ಲಿ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದನ್ನು ರಬ್ಬರ್ ಕೆಳಗೆ ತೂರಿಸಿ ಟೇಪನ್ನು ಗಾಜಿನ ಕಡೆಗೆ ಮಡಚಿ ಅಂಟಿಸಿದರೆ ರಬ್ಬರ್ ಮೇಲಕ್ಕೆ ಎದ್ದು ನಿಲ್ಲುತ್ತದೆ. ಪೇಂಟ್ ರಬ್ಬರಿನ ಅಡಿಗೆ ಹೋಗಿ ಮುಗಿಯುತ್ತದೆ, ಗೆರೆಯೇ ಕಾಣುವುದಿಲ್ಲ. ರಬ್ಬರ್ ಅಂಚಿಗೆ ಬ್ಲೇಡ್ ಹಾಕಿ ಟೇಪ್ ಕತ್ತರಿಸುವ ಅಭ್ಯಾಸ ಮಾತ್ರ ಬೇಡ. ಬ್ಲೇಡ್ ಲೋಹದ ತನಕ ಇಳಿದರೆ ಅಲ್ಲಿಂದಲೇ ತುಕ್ಕು ಶುರು.

ಡೋರ್ ಸಂದಿಗೆ ಫೋಮ್ ಟೇಪ್ ಹಾಕುವಾಗ ಅದು ಹೊರಗೆ ಉಬ್ಬಿ ಬರಬಾರದು. ಡೋರ್ ಮುಚ್ಚಿ ನೋಡಿ, ಸಂದಿಯ ಒಳಗೇ ಕೂತಿರಬೇಕು.

ಪಟ್ಟಿ_ಕೆಲಸ

ಕೇಳದಿದ್ದರೂ ಒಂದು ಸಂಗತಿ, ನನಗೆ ಇಷ್ಟವಾದದ್ದು. ಮಾಸ್ಕಿಂಗ್ ಟೇಪ್ ಹುಟ್ಟಿದ್ದೇ ಎರಡು ಬಣ್ಣದ ಕಾರಿನಿಂದ. 1920ರ ದಶಕದಲ್ಲಿ ಅಮೆರಿಕದಲ್ಲಿ ಅಂಥ ಕಾರುಗಳ ಹುಚ್ಚು ಹತ್ತಿತ್ತು. ಪೇಂಟರ್‌ಗಳು ಗಟ್ಟಿ ಅಂಟಿನಿಂದ ಕಾಗದ ಹಚ್ಚುತ್ತಿದ್ದರು, ಕೀಳುವಾಗ ಕೆಳಗಿನ ಪೇಂಟೂ ಬರುತ್ತಿತ್ತು. ಸ್ಯಾಂಡ್ ಪೇಪರ್ ಪರೀಕ್ಷೆಗೆ ಅಂತ ಗ್ಯಾರೇಜಿಗೆ ಹೋಗಿದ್ದ 3ಎಂ ಕಂಪನಿಯ ರಿಚರ್ಡ್ ಡ್ರೂ ಇದನ್ನು ನೋಡಿ ಕೆಲಸ ಶುರು ಮಾಡಿದರು. 1925ರಲ್ಲಿ ಕ್ರೇಪ್ ಕಾಗದದ ಟೇಪ್ ತಯಾರಾಯಿತು. ಹಿಡಿಯಬೇಕು, ಆದರೆ ಬಿಡು ಅಂದಾಗ ಬಿಡಬೇಕು ಅನ್ನುವ ಕಷ್ಟ ಇವತ್ತಿಗೂ ಅದೇ.

ಕಪ್ಪು_ರೂಫ್

ಇದು ಗೊತ್ತೇ ಇರಲಿಲ್ಲ, ಧನ್ಯವಾದ. ಕೊನೆಗೆ ಎರಡು ಪ್ರಶ್ನೆ. ತಂದ ಟೇಪ್ ಸರಿ ಇದೆಯಾ ಅಂತ ಕಾರಿಗೆ ಹಾಕುವ ಮೊದಲು ತಿಳಿಯುವುದು ಹೇಗೆ? ಉಳಿದ ರೋಲ್‌ಗಳನ್ನು ಇಟ್ಟುಕೊಳ್ಳಬಹುದಾ?

ಅಂಟಿನ_ವಿಷಯ

ನಿಮ್ಮ ಹಳೇ ಡೋರ್ ಇದೆಯಲ್ಲ, ಅದರ ಮೇಲೆ ಪ್ರತಿ ಟೇಪಿನ ಒಂದೊಂದು ತುಂಡು ಅಂಟಿಸಿ. ನೀವು ಬಳಸುವ ಪೇಂಟನ್ನೇ, ನೀವು ಬಳಸುವ ಥಿನ್ನರ್‌ನಲ್ಲೇ ಹೊಡೆದು, ಅಷ್ಟೇ ಹೊತ್ತು ಬೇಕ್ ಮಾಡಿ. ಬೆಚ್ಚಗಿರುವಾಗ ಅರ್ಧ ಕೀಳಿ, ಉಳಿದ ಅರ್ಧ ಮರುದಿನ ಕೀಳಿ. ಅಂಚು, ಅಂಟು, ಕೆಳಗಿನ ಪೇಂಟಿನ ಮೇಲೆ ಬಿದ್ದ ಗುರುತು, ಮೂರನ್ನೂ ಓರೆ ಬೆಳಕಿನಲ್ಲಿ ನೋಡಿ. ಹೊಸದಾಗಿ ಹೊಡೆದ ಬೇಸ್ ಮೇಲೆ ಟೇಪ್ ಹಾಕಬೇಕಾಗಿ ಬಂದರೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಪೇಂಟ್ ಕಂಪನಿಯ ಹಾಳೆಯಲ್ಲಿ ಬರೆದಿರುತ್ತದೆ, ಅದಕ್ಕಿಂತ ಮೊದಲೇ ಟೇಪ್ ಹಾಕಬೇಡಿ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಳಗೆ ದ್ರಾವಕ ಇರುತ್ತದೆ, ಟೇಪಿನ ಅಚ್ಚು ಬೀಳುತ್ತದೆ.

ರೋಲ್ ಇಟ್ಟುಕೊಳ್ಳಬಹುದು. ತಂಪು, ಒಣ ಜಾಗದಲ್ಲಿ, ಬಿಸಿಲು ಬೀಳದ ಹಾಗೆ, ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಕವರಿನಲ್ಲಿ ಮಲಗಿಸಿ ಇಡಿ. ರಬ್ಬರ್ ಅಂಟು ಹಳೆಯದಾಗುತ್ತದೆ, ಒಂದು ವರ್ಷದೊಳಗೆ ಮುಗಿಸುವುದು ಒಳ್ಳೆಯದು. ಬರಿ ಬೆಂಚಿನ ಮೇಲೆ ಬಿಟ್ಟರೆ ರೋಲಿನ ಪಕ್ಕಕ್ಕೆ ಪುಟ್ಟಿಯ ಧೂಳು ಮೆತ್ತಿಕೊಳ್ಳುತ್ತದೆ. ಆ ಪಕ್ಕವೇ ನಾಳೆ ನಿಮ್ಮ ಗೆರೆ. ಕೆಳಗೆ ಬಿದ್ದು ಪಕ್ಕದಲ್ಲಿ ಕಚ್ಚು ಆದ ರೋಲ್ ಇದ್ದರೆ ಅದನ್ನು ಮಾಸ್ಕಿಂಗ್ ಪೇಪರ್ ಜೋಡಿಸುವುದಕ್ಕೆ ಮಾತ್ರ ಬಳಸಿ.